ಮಂಡಿ ಕೀಲು ಬದಲಾಯಿಸಿಕೊಂಡು ಮನೆಗೆ ಬಂದ ಮೇಲೆ: ನೋವಿನ ಮಾತ್ರೆ ಯಾವಾಗ, ಎಷ್ಟು, ಯಾವುದರ ಜೊತೆ ಯಾವುದು ಬೇಡ

ಮಂಡ್ಯ ಹೋಂ ನರ್ಸ್

ಮೈಸೂರಲ್ಲಿ ಮಂಡಿ ಆಪರೇಷನ್ ಆಗಿ ಮೂರನೇ, ನಾಲ್ಕನೇ ದಿನಕ್ಕೆ ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ ಕಡೆಗೆ ವಾಪಸ್ ಬರುವವರ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ವಾರ್ಡಿನಲ್ಲಿ ಸಿಸ್ಟರ್ ಗಂಟೆ ನೋಡಿ ಕೊಡುತ್ತಿದ್ದ ಮಾತ್ರೆ, ಮನೆಗೆ ಬಂದ ದಿನವೇ "ನೋವು ಬಂದಾಗ ತಗೊಂಡ್ರಾಯ್ತು" ಅನ್ನುವ ಮಾತ್ರೆ ಆಗಿಬಿಡುತ್ತದೆ. ಮಧ್ಯಾಹ್ನದವರೆಗೂ ಹಲ್ಲು ಕಚ್ಚಿಕೊಂಡು ಇರುತ್ತಾರೆ, ಸಂಜೆ ಫಿಸಿಯೋದವರು ಬಂದರೆ ಕಾಲು ಮುಟ್ಟಲೂ ಬಿಡುವುದಿಲ್ಲ, ರಾತ್ರಿ ಎರಡು ಗಂಟೆಗೆ ಒಟ್ಟಿಗೆ ಮೂರು ಮಾತ್ರೆ ನುಂಗುತ್ತಾರೆ.

ಡಿಸ್ಚಾರ್ಜ್ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು. ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಊತ, ನೋವು ಎರಡಕ್ಕೂ ಒಂದು ಮಾತ್ರೆ, ಅಂದರೆ ಅಸೆಕ್ಲೋಫೆನಾಕ್, ಎಟೋರಿಕಾಕ್ಸಿಬ್ ಅಥವಾ ಸೆಲೆಕಾಕ್ಸಿಬ್. ಜೋರು ನೋವಿಗೆ ಟ್ರಮಡಾಲ್ ಇರುವ ಒಂದು ಮಾತ್ರೆ. ಹೊಟ್ಟೆಯ ಆಸಿಡ್ ತಗ್ಗಿಸಲು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ 40. ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಅಥವಾ ರಿವರಾಕ್ಸಬಾನ್ ಅಥವಾ ಎಪಿಕ್ಸಬಾನ್. ಕೆಲವರಿಗೆ ರಾತ್ರಿ ಪ್ರಿಗ್ಯಾಬಲಿನ್, ಅಂದರೆ ನರದ ನೋವಿನ ಮಾತ್ರೆ.

ಇದರಲ್ಲಿ ಪ್ಯಾರಾಸಿಟಮಾಲ್ ಮುಂದೆ 1-1-1-1 ಅಂತಲೋ 1-1-1 ಅಂತಲೋ ಬರೆದಿರುತ್ತಾರೆ. ಅದರ ಅರ್ಥ ನೋವು ಇರಲಿ ಬಿಡಲಿ, ಆ ಹೊತ್ತಿಗೆ ಕೊಡಬೇಕು. ಟ್ರಮಡಾಲ್ ಮುಂದೆ ಬಹಳ ಸಲ ಎಸ್‌ಓಎಸ್ ಅಂತ ಇರುತ್ತದೆ. ಅದರ ಅರ್ಥ ಬೇಕೇ ಬೇಕು ಅನ್ನಿಸಿದಾಗ ಮಾತ್ರ. ಮನೆಯಲ್ಲಿ ಇದು ತಲೆಕೆಳಗಾಗುತ್ತದೆ. "ಡೋಲೋ ಜ್ವರದ ಮಾತ್ರೆ, ಜ್ವರ ಇಲ್ವಲ್ಲ" ಅಂತ ಅದನ್ನು ಬಿಡುತ್ತಾರೆ, ಸ್ಟ್ರಾಂಗ್ ಮಾತ್ರೆ ಅಂತ ಟ್ರಮಡಾಲ್ ಮೂರು ಹೊತ್ತೂ ಕೊಡುತ್ತಾರೆ. ಆಮೇಲೆ ತಲೆಸುತ್ತು, ವಾಂತಿ, ಮೋಷನ್ ಇಲ್ಲ ಅಂತ ಫೋನ್ ಬರುತ್ತದೆ.

ಮೊದಲ ಎರಡು ವಾರಕ್ಕೆ ಹೊಂದುವ ವೇಳೆ ಹೀಗಿದೆ: ಬೆಳಿಗ್ಗೆ 6ಕ್ಕೆ ಪ್ಯಾಂಟೊಪ್ರಜೋಲ್, ತಿಂಡಿ ಆದ ಮೇಲೆ ಊತದ ಮಾತ್ರೆ. ಪ್ಯಾರಾಸಿಟಮಾಲ್ ನಾಲ್ಕು ಸಲ ಬರೆದಿದ್ದರೆ 6, 12, ಸಂಜೆ 5, ರಾತ್ರಿ 10. ಎರಡು ಡೋಸ್ ನಡುವೆ ನಾಲ್ಕು ಗಂಟೆಗಿಂತ ಕಡಿಮೆ ಬಿಡುವು ಬೇಡವೇ ಬೇಡ. ಗೋಡೆಯ ಮೇಲಿನ ಒಂಟಿಕೊಪ್ಪಲ್ ಕ್ಯಾಲೆಂಡರಿನ ಕಳೆದ ತಿಂಗಳ ಹಾಳೆ ಹರಿದು, ಅದರ ಹಿಂದೆ ಗೆರೆ ಎಳೆದು ಗಂಟೆ ಬರೆಯಿರಿ. ಕೊಟ್ಟ ಕೂಡಲೇ ಟಿಕ್ ಹಾಕಿ. ಮಗ ಕೊಟ್ಟಿದ್ದನ್ನೇ ಸೊಸೆ ಮತ್ತೊಮ್ಮೆ ಕೊಡುವುದು ತಪ್ಪುವುದು ಇದರಿಂದಲೇ.

ಔಷಧಿ ಅಂಗಡಿಯವರು, ಅರಿವಳಿಕೆ ಡಾಕ್ಟರು, ಫಿಸಿಯೋ ಎಲ್ಲರೂ ಇಲ್ಲಿದ್ದೀರಿ. ನಾನು ಬಿಟ್ಟಿದ್ದನ್ನು ಸೇರಿಸಿ.

ಸರಸ್ವತಿಪುರಂ ಫಾರ್ಮಸಿಸ್ಟ್

ಸಿಸ್ಟರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಕೌಂಟರಿನಲ್ಲಿ ತುಂಬ ಕಾಣುವ ಗಂಡಾಂತರ ಇದೇ.

ಪ್ಯಾರಾಸಿಟಮಾಲ್ ಒಂದೇ ಸ್ಟ್ರಿಪ್ಪಿನಲ್ಲಿ ಇರುವುದಿಲ್ಲ. ಡೋಲೋ 650ರಲ್ಲಿ 650. ಝೀರೋಡಾಲ್-ಪಿ ಅನ್ನುವುದರಲ್ಲಿ ಅಸೆಕ್ಲೋಫೆನಾಕ್ 100ರ ಜೊತೆ ಪ್ಯಾರಾಸಿಟಮಾಲ್ 325. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ 37.5ರ ಜೊತೆ ಪ್ಯಾರಾಸಿಟಮಾಲ್ 325. ಈಗ ಕೂಡಿ: ಡೋಲೋ ದಿನಕ್ಕೆ 4 ಅಂದರೆ 2600, ಝೀರೋಡಾಲ್-ಪಿ 2 ಅಂದರೆ 650, ಅಲ್ಟ್ರಾಸೆಟ್ 3 ಅಂದರೆ 975. ಒಟ್ಟು 4225 ಮಿ.ಗ್ರಾಂ. ಆರೋಗ್ಯವಾಗಿರುವ ದೊಡ್ಡವರಿಗೂ ದಿನದ ಮಿತಿ 4000. ಐವತ್ತು ಕೆ.ಜಿ.ಗಿಂತ ಕಡಿಮೆ ತೂಕದವರು, ಲಿವರ್ ತೊಂದರೆ ಇರುವವರು, ಕುಡಿತದ ಅಭ್ಯಾಸ ಇರುವವರು 2ರಿಂದ 3 ಗ್ರಾಂ ಒಳಗೇ ಇರಬೇಕು. ನಮ್ಮ ಕಡೆ ಮಂಡಿ ಮಾಡಿಸಿಕೊಳ್ಳುವ ಅಜ್ಜಿಯರಲ್ಲಿ 45 ಕೆ.ಜಿ.ಯವರು ಕಡಿಮೆ ಏನಿಲ್ಲ. ಇದರ ಮೇಲೆ ನೆಗಡಿ ಅಂತ ಒಂದು ಶೀತದ ಮಾತ್ರೆ ತಗೊಂಡರೆ ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ.

ಆದ್ದರಿಂದ ಬ್ರ್ಯಾಂಡ್ ಹೆಸರು ನೋಡಬೇಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಇಲ್ಲೊಂದು ತೊಡಕಿದೆ. ಐದೇ ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಹೆಸರು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ, ಕೈಗೆ ಬರುವುದು ಬೆಳ್ಳಿ ಬಣ್ಣದ ತುಂಡು, ಅದರ ಮೇಲೆ ಅರ್ಧ ಅಕ್ಷರ. ಮೂರು ಬಗೆಯ ಬಿಳಿ ಮಾತ್ರೆ ಒಂದೇ ಕವರಿನಲ್ಲಿ ಕುಳಿತರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಪೂರ್ತಿ ಸ್ಟ್ರಿಪ್ ಕೇಳಿ. ಕತ್ತರಿಸಲೇಬೇಕಾದರೆ ಒಂದೊಂದಕ್ಕೂ ಬೇರೆ ಕವರ್ ಕೇಳಿ, ಮೇಲೆ ಹೆಸರು, ಶಕ್ತಿ, ಗಂಟೆ ಬರೆಸಿ. ಬರೆದು ಕೊಡುವುದು ನಮ್ಮ ಕೆಲಸ, ಕೇಳಲು ಸಂಕೋಚ ಬೇಡ.

ಟ್ರಮಡಾಲ್ ಬಗ್ಗೆ ಇನ್ನೊಂದು. 2018ರಿಂದ ಅದು ಮಾದಕ ವಸ್ತುಗಳ ಕಾಯ್ದೆಯ ಅಡಿಯಲ್ಲಿದೆ, ಅದಕ್ಕೂ ಮುಂಚಿನಿಂದಲೇ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅಂತ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳ್ಳಿ ಕಡೆಯ ಎಷ್ಟೋ ಅಂಗಡಿಯವರು ಈ ಕಾರಣಕ್ಕೆ ಅದನ್ನು ತರಿಸುವುದೇ ಇಲ್ಲ. ಊರಿಗೆ ಹೋಗಿ ಭಾನುವಾರ ಹುಡುಕುವ ಬದಲು ಡಿಸ್ಚಾರ್ಜ್ ದಿನವೇ ಚೀಟಿಯಲ್ಲಿ ಬರೆದಷ್ಟನ್ನೂ ಮೈಸೂರಲ್ಲೇ ತಗೊಂಡು ಹೋಗಿ. ಪ್ಯಾರಾಸಿಟಮಾಲ್, ಪ್ಯಾಂಟೊಪ್ರಜೋಲ್ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಔಷಧ ಅದೇ.

ಅರಿವಳಿಕೆ ವೈದ್ಯ, ಮೈಸೂರು

ಇಷ್ಟೊಂದು ಬಗೆಯ ಮಾತ್ರೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಮಂಡಿಯಲ್ಲಿ ಮೂಳೆ ಕೊಯ್ದು ಲೋಹ ಕೂರಿಸಿದ ಜಾಗದಲ್ಲಿ ಊತ ಹುಟ್ಟುತ್ತದೆ, ಅಲ್ಲಿಂದ ನರ ಸುದ್ದಿ ಒಯ್ಯುತ್ತದೆ, ಬೆನ್ನುಹುರಿಯಲ್ಲಿ ಅದು ದೊಡ್ಡದಾಗುತ್ತದೆ, ಮೆದುಳಿನಲ್ಲಿ ನೋವಾಗಿ ತಿಳಿಯುತ್ತದೆ. ಅಸೆಕ್ಲೋಫೆನಾಕ್, ಎಟೋರಿಕಾಕ್ಸಿಬ್ ಮುಖ್ಯವಾಗಿ ಊತದ ಜಾಗದಲ್ಲಿ ಕೆಲಸ ಮಾಡುತ್ತವೆ. ಪ್ಯಾರಾಸಿಟಮಾಲ್, ಟ್ರಮಡಾಲ್ ಮೇಲೆ, ಮೆದುಳು ಮತ್ತು ಬೆನ್ನುಹುರಿಯಲ್ಲಿ. ನಾಲ್ಕು ಕಡೆ ಸ್ವಲ್ಪ ಸ್ವಲ್ಪ ತಡೆದರೆ ಯಾವುದನ್ನೂ ಅತಿ ಪ್ರಮಾಣದಲ್ಲಿ ಕೊಡಬೇಕಾಗಿಲ್ಲ. ಪ್ಯಾರಾಸಿಟಮಾಲ್ ಬಿಟ್ಟವರಿಗೆ ಟ್ರಮಡಾಲ್ ಹೆಚ್ಚು ಬೇಕಾಗುತ್ತದೆ. ಅಷ್ಟಕ್ಕಾಗಿಯೇ ಆ "ಜ್ವರದ ಮಾತ್ರೆ" ಅಲ್ಲಿರುವುದು.

ಮೊದಲ ರಾತ್ರಿಯ ವಿಚಾರ ಯಾರೂ ಮುಂಚೆ ಹೇಳುವುದಿಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಜೊತೆಗೆ ಈಗ ತೊಡೆಯ ಒಳಭಾಗದಲ್ಲಿ, ಅಡಕ್ಟರ್ ಕೆನಾಲ್ ಅನ್ನುವ ಜಾಗದಲ್ಲಿ ಸ್ಕ್ಯಾನ್ ನೋಡಿಕೊಂಡು ನರಕ್ಕೆ ಮದ್ದು ಹಾಕುತ್ತಾರೆ. ಸರ್ಜನ್ ಕೂಡ ಮಂಡಿಯ ಸುತ್ತ ಮದ್ದು ಚುಚ್ಚಿರುತ್ತಾರೆ. ತೊಡೆಯ ಮುಂಭಾಗದ ಸ್ನಾಯುವಿನ ಬಲ ಇದರಿಂದ ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿಯೇ ಅದೇ ದಿನ ಅಥವಾ ಮಾರನೇ ದಿನ ವಾಕರ್ ಹಿಡಿದು ನಿಲ್ಲಿಸಲು ಸಾಧ್ಯ. ಆ ಮದ್ದು ಒಂದೇ ಸಲ ಹಾಕಿದ್ದರೆ 12ರಿಂದ 24 ಗಂಟೆ ನಿಲ್ಲುತ್ತದೆ. ರೋಗಿ ಆ ಹೊತ್ತಿನಲ್ಲಿ "ನನಗೆ ನೋವೇ ಇಲ್ಲ" ಅಂತ ಮಾತ್ರೆ ಬೇಡ ಅನ್ನುತ್ತಾರೆ. ಮದ್ದು ಇಳಿದಾಗ ನೋವು ಒಮ್ಮೆಗೇ ನುಗ್ಗುತ್ತದೆ, ಆಗ ನುಂಗಿದ ಮಾತ್ರೆ ಕೆಲಸ ಶುರು ಮಾಡಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಆದ್ದರಿಂದ ನೋವಿಲ್ಲದಿದ್ದರೂ ಮೊದಲ ದಿನದ ಡೋಸ್ ಬಿಡಬಾರದು.

ಮನೆಯವರು ಗಾಬರಿಯಾಗುವ ಮೂರು ವಿಷಯಗಳಿವೆ. ತೊಡೆ ಜಜ್ಜಿದ ಹಾಗೆ ನೋಯುವುದು ಆಪರೇಷನ್ನಿನಲ್ಲಿ ರಕ್ತ ಹರಿಯದ ಹಾಗೆ ಬಿಗಿದಿದ್ದ ಟೂರ್ನಿಕೆ ಪಟ್ಟಿಯಿಂದ, ಕೆಲವು ದಿನದಲ್ಲಿ ಹೋಗುತ್ತದೆ. ಗಾಯದ ಹೊರಪಕ್ಕದ ಚರ್ಮ ಮರಗಟ್ಟಿದ ಹಾಗಿರುವುದು ಅಲ್ಲಿನ ಸಣ್ಣ ಚರ್ಮದ ನರ ಕತ್ತರಿಸಿದ್ದರಿಂದ. ಅದು ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ಒಂದು ಬಿಲ್ಲೆಯಷ್ಟು ಜಾಗ ಹಾಗೇ ಉಳಿಯುತ್ತದೆ, ಅಪಾಯವಿಲ್ಲ. ಕಾಲು ನೀಲಿಗಟ್ಟಿ ಹಿಮ್ಮಡಿಯವರೆಗೆ ಇಳಿಯುವುದು ಹೆಪ್ಪಾದ ರಕ್ತ ಕೆಳಕ್ಕೆ ಹರಿದು ಬಂದದ್ದು. ಆದರೆ ಪಾದ ಮೇಲಕ್ಕೆ ಎತ್ತಲು ಆಗುತ್ತಿಲ್ಲ, ಬೆರಳು ಅಲ್ಲಾಡುತ್ತಿಲ್ಲ ಅಂದರೆ ಅದು ಬೇರೆಯೇ ವಿಷಯ, ಆ ಕ್ಷಣವೇ ಹೇಳಬೇಕು.

ಮಳವಳ್ಳಿ ಕಡೆಯವ

ಸರ್, ಎರಡು ಮಂಡಿನೂ ಒಂದೇ ಸಲ ಮಾಡಿಸಿದ್ರೆ ಮಾತ್ರೆ ಎರಡು ಪಟ್ಟು ಕೊಡ್ಬೇಕಾ? ಅಮ್ಮಂಗೆ ಬಿ.ಪಿ., ಶುಗರ್ ಎರಡೂ ಇದೆ. ಬಿ.ಪಿ.ಗೆ ಟೆಲ್ಮಾ-ಎಚ್ ತಗೋತಾರೆ. ಚೀಟೀಲಿ ಎಟೋರಿಕಾಕ್ಸಿಬ್ 90 ಐದು ದಿನ ಅಂತ ಬರೆದವ್ರೆ. ಐದು ದಿನ ಮುಗೀತು, ನೋವು ಇನ್ನೂ ಅದೆ. ಅದನ್ನೇ ಮುಂದುವರಿಸಬೋದಾ?

ಫಿಜಿಷಿಯನ್, ಮಂಡ್ಯ

ಮುಂದುವರಿಸಬೇಡಿ. ನಿಮ್ಮ ಡಾಕ್ಟರನ್ನು ಕೇಳದೆ ಒಂದು ದಿನವೂ ಬೇಡ.

ಯಾಕೆಂದರೆ, ಟೆಲ್ಮಾ-ಎಚ್‌ನಲ್ಲಿ ಎರಡು ಔಷಧ ಇದೆ: ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್. ಮೂತ್ರಪಿಂಡದ ಸೋಸುವ ಗಂಟಿಗೆ ರಕ್ತ ಒಳಕ್ಕೆ ಬರುವ ನಾಳ ಒಂದು, ಹೊರಕ್ಕೆ ಹೋಗುವ ನಾಳ ಒಂದು. ಎಟೋರಿಕಾಕ್ಸಿಬ್, ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಒಳನಾಳವನ್ನು ಕಿರಿದು ಮಾಡುತ್ತವೆ. ಟೆಲ್ಮಿಸಾರ್ಟಾನ್ ಹೊರನಾಳವನ್ನು ಸಡಿಲ ಮಾಡುತ್ತದೆ. ಮೂತ್ರದ ಮಾತ್ರೆ ಮೈಯಲ್ಲಿನ ನೀರನ್ನೇ ಇಳಿಸುತ್ತದೆ. ಮೂರೂ ಸೇರಿದರೆ ಸೋಸಲು ಬೇಕಾದ ಒತ್ತಡವೇ ಇರುವುದಿಲ್ಲ, ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುತ್ತದೆ. ಆಪರೇಷನ್ ಆದವರು ಅಷ್ಟಾಗಿ ನೀರೂ ಕುಡಿಯುವುದಿಲ್ಲ, ಬಚ್ಚಲಿಗೆ ಎದ್ದು ಹೋಗುವುದು ಕಷ್ಟ ಅಂತ ಬೇಕೆಂದೇ ಕಡಿಮೆ ಕುಡಿಯುತ್ತಾರೆ. ಅಲ್ಲಿಗೆ ಕೆಡುಕು ಪೂರ್ತಿಯಾಯಿತು. ಶುಗರ್ ಇರುವವರ ಮೂತ್ರಪಿಂಡ ಮೊದಲೇ ದಣಿದಿರುತ್ತದೆ. ಸಾಲದ್ದಕ್ಕೆ ಈ ಗುಂಪಿನ ಮಾತ್ರೆಗಳು ಬಿ.ಪಿ.ಯನ್ನೂ ಏರಿಸುತ್ತವೆ. ಬಿ.ಪಿ. ಹತೋಟಿಯಲ್ಲಿ ಇಲ್ಲದವರಿಗೆ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಎಟೋರಿಕಾಕ್ಸಿಬ್ ಕೊಡುವ ಹಾಗೇ ಇಲ್ಲ. ಐದು ದಿನ ಅಂತ ಬರೆದದ್ದು ಲೆಕ್ಕ ಹಾಕಿಯೇ.

ನೀವು ಮಾಡಬೇಕಾದದ್ದು: ಇವತ್ತು ನಾಳೆಯೊಳಗೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ, ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತದೆ. ಅಲ್ಲಿವರೆಗೆ ಪ್ಯಾರಾಸಿಟಮಾಲ್ ಗಂಟೆಗೆ ಸರಿಯಾಗಿ, ಐಸ್, ಕಾಲು ಎತ್ತರ. ಟೆಲ್ಮಾ-ಎಚ್ ಅನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಆದರೆ ವಾಂತಿ ಭೇದಿ ಶುರುವಾದರೆ ಆ ದಿನವೇ ಫೋನ್ ಮಾಡಿ. ಟೆಲ್ಮಾ-ಎಚ್, ಶುಗರಿನ ಮಾತ್ರೆಗಳಾದ ಮೆಟ್ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಇಂಥವನ್ನು ಆಗ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು.

ಎರಡು ಮಂಡಿಗೆ ಎರಡು ಪಟ್ಟು ಅಲ್ಲ. ನೋವು ಎರಡು ಕಡೆ ಇದ್ದರೂ ಲಿವರ್ ಒಂದೇ, ಮೂತ್ರಪಿಂಡದ ಶಕ್ತಿ ಅಷ್ಟೇ. ದಿನದ ಮಿತಿ ಬದಲಾಗುವುದಿಲ್ಲ. ಎರಡೂ ಮಾಡಿಸಿಕೊಂಡವರಿಗೆ ಹೆಚ್ಚು ಬೇಕಾಗುವುದು ಐಸ್, ವಿಶ್ರಾಂತಿ, ಮತ್ತೆ ಎತ್ತಿ ಕೂರಿಸುವ ಕೈ.

ಶುಗರ್ ಬಗ್ಗೆ ಇನ್ನೊಂದು ಮಾತು. ಆಪರೇಷನ್ ದಿನ ವಾಂತಿ ಮತ್ತು ಊತ ತಡೆಯಲು ಡೆಕ್ಸಾಮೆಥಾಸೋನ್ ಕೊಟ್ಟಿದ್ದರೆ ಒಂದೆರಡು ದಿನ ಶುಗರ್ ಏರಿರುತ್ತದೆ. ಅದು ಇಳಿದ ಮೇಲೂ ಅದೇ ಏರಿಸಿದ ಇನ್ಸುಲಿನ್ ಡೋಸ್ ಮುಂದುವರಿಸಿದರೆ, ಊಟ ಸೇರದ ದಿನಗಳಲ್ಲಿ ಶುಗರ್ ಕುಸಿಯುತ್ತದೆ. ಟ್ರಮಡಾಲ್ ಕೂಡ ಕೆಲವರಲ್ಲಿ ಶುಗರ್ ಇಳಿಸುತ್ತದೆ. ಮೊದಲ ವಾರ ದಿನಕ್ಕೆ ಮೂರು ನಾಲ್ಕು ಸಲ ಬೆರಳು ಚುಚ್ಚಿ ನೋಡಿ.

ಕುವೆಂಪುನಗರ ಫಿಸಿಯೋ

ನೋವಿನ ಮಾತ್ರೆ ಇರುವುದು ಮಲಗಿಸುವುದಕ್ಕೆ ಅಲ್ಲ, ಮಂಡಿ ಮಡಿಸುವುದಕ್ಕೆ. ಇದನ್ನು ಮನೆಯವರು ಮನಸ್ಸಿಗೆ ತಂದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಎರಡು ವಾರಕ್ಕೆ 90 ಡಿಗ್ರಿ ಮಡಿಯಬೇಕು, ಅಷ್ಟೇ ಮುಖ್ಯವಾಗಿ ಪೂರ್ತಿ ನೇರ ಆಗಬೇಕು. ಮೊದಲ ಆರು ವಾರದಲ್ಲಿ ಗಟ್ಟಿಯಾದ ಮಂಡಿಯನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಕೆಲವರನ್ನು ಮತ್ತೆ ಅರಿವಳಿಕೆ ಕೊಟ್ಟು ಮಡಿಸಬೇಕಾಗುತ್ತದೆ.

ವ್ಯಾಯಾಮಕ್ಕೆ 45 ನಿಮಿಷ ಮುಂಚೆ ಆ ಹೊತ್ತಿನ ಮಾತ್ರೆ ಹೋಗಿರಲಿ. ಫಿಸಿಯೋ ಹನ್ನೊಂದಕ್ಕೆ ಬರುವುದಾದರೆ ಮಧ್ಯಾಹ್ನದ ಡೋಸನ್ನು ಹತ್ತೂಕಾಲಕ್ಕೆ ತನ್ನಿ. ಹಿಂದಿನ ಡೋಸಿಗೆ ನಾಲ್ಕು ಗಂಟೆ ಆಗಿರುತ್ತದೆ, ತೊಂದರೆಯಿಲ್ಲ. ಮುಗಿದ ಮೇಲೆ ಐಸ್.

ಐಸ್ ಹೇಗೆ ಅಂತ ಹೇಳುತ್ತೇನೆ. ಗಟ್ಟಿ ಪ್ಲಾಸ್ಟಿಕ್ ಕವರಿಗೆ ಅರ್ಧ ಐಸ್ ತುಂಡು, ಅರ್ಧ ನೀರು ಹಾಕಿ ಗಾಳಿ ತೆಗೆದು ಗಂಟು ಕಟ್ಟಿ. ನೀರು ಇದ್ದರೆ ಮಾತ್ರ ಅದು ಮಂಡಿಯ ಉಬ್ಬು ತಗ್ಗಿಗೆ ಕೂರುತ್ತದೆ. ಬರೀ ತುಂಡುಗಳು ಚುಚ್ಚುತ್ತವೆ. ಉಪ್ಪು ಹಾಕಬೇಡಿ, ತಣ್ಣಗೆ ಜಾಸ್ತಿಯಾಗಿ ಚರ್ಮ ಸುಡುತ್ತದೆ. ಡ್ರೆಸ್ಸಿಂಗ್ ಒದ್ದೆಯಾಗದ ಹಾಗೆ ಮೇಲೊಂದು ಒಣ ಪ್ಲಾಸ್ಟಿಕ್, ಅದರ ಮೇಲೆ ತೆಳು ಟವಲ್, ಅದರ ಮೇಲೆ ಕವರ್. 15ರಿಂದ 20 ನಿಮಿಷ ಸಾಕು, ಎರಡು ಮೂರು ಗಂಟೆಗೊಮ್ಮೆ. ಮರಗಟ್ಟಿದ ಜಾಗದಲ್ಲಿ ಸುಡುವುದು ಗೊತ್ತಾಗುವುದಿಲ್ಲ, ಐದು ನಿಮಿಷಕ್ಕೊಮ್ಮೆ ಚರ್ಮ ಎತ್ತಿ ನೋಡಿ.

ಇನ್ನು ದಿಂಬು. ಹೋದ ಮನೆಯಲ್ಲೆಲ್ಲ ಮಂಡಿಯ ಕೆಳಗೆ ದಿಂಬು ಇಟ್ಟಿರುತ್ತಾರೆ, ಹಾಯಾಗಿರುತ್ತದೆ ಅಂತ. ಅದು ತಪ್ಪು. ಮಂಡಿ ಹಾಗೇ ಅರ್ಧ ಮಡಿಸಿ ಕೂತುಬಿಡುತ್ತದೆ, ಆಮೇಲೆ ನಡಿಗೆಯೇ ಕುಂಟು. ದಿಂಬು ಹಿಮ್ಮಡಿಯ ಗಂಟಿನ ಕೆಳಗೆ ಇರಲಿ, ಮಂಡಿಯ ಹಿಂದೆ ಖಾಲಿ ಇರಲಿ, ಕಾಲು ಎದೆಗಿಂತ ಸ್ವಲ್ಪ ಎತ್ತರ ಇರಲಿ.

ಎಣ್ಣೆ ಹಚ್ಚಿ ನೀವುವುದು, ನೋವಿನ ಮುಲಾಮು, ಬಿಸಿನೀರಿನ ಶಾಖ ಇವು ಯಾವುದೂ ಗಾಯದ ಹತ್ತಿರ ಬೇಡ. ಮೀನಖಂಡವನ್ನಂತೂ ಯಾರೂ ನೀವಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಪಾಂಡವಪುರದ ಸೊಸೆ

ಟ್ರಮಡಾಲ್ ಕೊಟ್ರೆ ವಾಂತಿ, ತಲೆಸುತ್ತು. ಕೊಡದಿದ್ರೆ ರಾತ್ರಿ ನಿದ್ದೆ ಇಲ್ಲ. ನಾಲ್ಕು ದಿನದಿಂದ ಮೋಷನ್ ಆಗಿಲ್ಲ, ಇಸಬಗೋಲ್ ಕೊಡ್ತಿದೀವಿ. ಅತ್ತೆ ಮೊದಲಿಂದ್ಲೂ ನಿದ್ದೆಗೆ ಒಂದು ಸಣ್ಣ ಮಾತ್ರೆ ತಗೋತಿದ್ರು, ಅಲ್ಪ್ರಜೋಲಾಮ್ ಅಂತೆ. ಅದನ್ನೂ ಕೊಡ್ಬೋದಾ ಮೇಡಂ?

ಮಂಡ್ಯ ಹೋಂ ನರ್ಸ್

ಅಕ್ಕ, ಮೊದಲು ಕೊನೆಯ ಪ್ರಶ್ನೆ. ಟ್ರಮಡಾಲ್ ಜೊತೆಗೆ ಅಲ್ಪ್ರಜೋಲಾಮ್ ಡಾಕ್ಟರ್ ಹೇಳದೆ ಕೊಡಬೇಡಿ. ಎರಡೂ ಸೇರಿದರೆ ಉಸಿರಾಟ ನಿಧಾನವಾಗುತ್ತದೆ, ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುತ್ತಾರೆ. ಆದರೆ ವರ್ಷಗಟ್ಟಲೆ ದಿನವೂ ತಗೊಳ್ಳುತ್ತಿದ್ದರೆ ಅದನ್ನು ದಿಢೀರ್ ನಿಲ್ಲಿಸುವುದೂ ಅಪಾಯ. ಹಾಗಾಗಿ ಇವತ್ತೇ ಫೋನ್ ಮಾಡಿ, ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು ಅಂತ ಅವರೇ ಹೇಳಲಿ.

ವಾಂತಿಗೆ: ಖಾಲಿ ಹೊಟ್ಟೆಗೆ ಕೊಡಬೇಡಿ. ಎರಡು ತುತ್ತು ಮೊಸರನ್ನ ಆದರೂ ಹೋಗಿರಲಿ. ಕೊಟ್ಟ ಮೇಲೆ ಅರ್ಧ ಗಂಟೆ ಒರಗಿ ಕೂತಿರಲಿ, ತಟ್ಟನೆ ಎದ್ದು ನಿಲ್ಲಬಾರದು. 50ರ ಮಾತ್ರೆ ಇದ್ದರೆ ಅರ್ಧ ಸಾಕಾಗುತ್ತದಾ ಅಂತ ಡಾಕ್ಟರನ್ನು ಕೇಳಿ. ಎಷ್ಟೋ ವಯಸ್ಸಾದವರಿಗೆ ಸಾಕಾಗುತ್ತದೆ. ನಿಧಾನವಾಗಿ ಬಿಡುವ ಎಸ್‌ಆರ್ ಮಾತ್ರೆಯನ್ನು ಮಾತ್ರ ಮುರಿಯಬಾರದು, ಇಡೀ ದಿನದ ಮದ್ದು ಒಮ್ಮೆಗೇ ಮೈಗೆ ಇಳಿಯುತ್ತದೆ.

ಮೋಷನ್‌ಗೆ ಇಸಬಗೋಲ್ ಇಲ್ಲಿ ಸರಿಯಲ್ಲ. ಅದು ಮಲವನ್ನು ಉಬ್ಬಿಸುತ್ತದೆ, ಆದರೆ ಟ್ರಮಡಾಲ್ ಕರುಳಿನ ಚಲನೆಯನ್ನೇ ನಿಲ್ಲಿಸಿರುತ್ತದೆ. ನೀರು ಕಡಿಮೆ ಕುಡಿಯುವವರಲ್ಲಿ ಅದು ಒಳಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಬೇಕಾದದ್ದು ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ 15 ಮಿ.ಲೀ., ಅಥವಾ ಕರುಳು ಚುರುಕು ಮಾಡುವ ಬಿಸಾಕೊಡಿಲ್ 5 ಮಿ.ಗ್ರಾಂ ರಾತ್ರಿ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು, ಆದ್ದರಿಂದ ಟ್ರಮಡಾಲ್ ಶುರುವಾದ ದಿನವೇ ಇದೂ ಶುರುವಾಗಬೇಕಿತ್ತು. ಈಗ ನಾಲ್ಕು ದಿನ ಆಗಿದೆ. ಹೊಟ್ಟೆ ಉಬ್ಬರಿಸಿ ಗಾಳಿಯೂ ಹೋಗುತ್ತಿಲ್ಲ ಅಂದರೆ ಮದ್ದು ಕೊಡುತ್ತಾ ಕೂರಬೇಡಿ, ಕರೆದುಕೊಂಡು ಹೋಗಿ ತೋರಿಸಿ. ಹೊಟ್ಟೆ ಮೆತ್ತಗಿದ್ದರೆ ಇವತ್ತು ರಾತ್ರಿ ಬಿಸಾಕೊಡಿಲ್ ಕೇಳಿ ಕೊಡಿ. ಮುದ್ದೆಯ ಜೊತೆ ಸೊಪ್ಪಿನ ಸಾರು ಒಳ್ಳೆಯದೇ, ಆದರೆ ಈ ಮಲಬದ್ಧತೆ ಊಟದಿಂದ ಮಾತ್ರ ಹೋಗುವುದಲ್ಲ.

ಸರಸ್ವತಿಪುರಂ ಫಾರ್ಮಸಿಸ್ಟ್

ವಾಂತಿಗೆ ಅಂತ ಒಂಡಾನ್ಸೆಟ್ರಾನ್ ದಿನವೂ ಕೊಟ್ಟರೆ ಮಲಬದ್ಧತೆ ಇನ್ನೂ ಹೆಚ್ಚುತ್ತದೆ, ಅದನ್ನೂ ಗಮನಿಸಿ.

ಮನಸ್ಸಿನ ಖಿನ್ನತೆಗೋ ಆತಂಕಕ್ಕೋ ಎಸಿಟಲೋಪ್ರಾಮ್, ಸರ್ಟ್ರಲಿನ್ ತಗೊಳ್ಳುವವರು ಅದನ್ನು ಮಂಡಿ ಡಾಕ್ಟರಿಗೆ ಹೇಳಿಯೇ ಇರುವುದಿಲ್ಲ. ಅವುಗಳ ಜೊತೆ ಟ್ರಮಡಾಲ್ ಸೇರಿದರೆ ಮೈ ನಡುಕ, ಬೆವರು, ಗಡಿಬಿಡಿ, ಜ್ವರ ಬರಬಹುದು. ಮೂರ್ಛೆ ರೋಗ ಇದ್ದವರಿಗೆ ಟ್ರಮಡಾಲ್ ಮತ್ತೆ ಮೂರ್ಛೆ ತರಿಸಬಹುದು. ದಿನದ ಮಿತಿ 400 ಮಿ.ಗ್ರಾಂ, 75 ವರ್ಷ ದಾಟಿದವರಿಗೆ 300. ಮನೆಯಲ್ಲಿ ಅಷ್ಟರ ಹತ್ತಿರ ಹೋಗಬೇಕಾಗಿ ಬಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಇನ್ನೊಂದು ಕಡೆ, ಕೆಲವರಿಗೆ ಎಷ್ಟು ಕೊಟ್ಟರೂ ನೋವು ಇಳಿಯುವುದೇ ಇಲ್ಲ. ಲಿವರಿನ ಒಂದು ಕಿಣ್ವ ಟ್ರಮಡಾಲನ್ನು ಬದಲಾಯಿಸಿದ ಮೇಲೇ ಅದಕ್ಕೆ ಪೂರ್ತಿ ಬಲ ಬರುವುದು, ಆ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿದ್ದಾರೆ. ಅಂಥವರಿಗೆ ಡೋಸ್ ಏರಿಸದೆ ಔಷಧವನ್ನೇ ಬದಲಾಯಿಸುತ್ತಾರೆ, ಹೆಚ್ಚಾಗಿ ಟಪೆಂಟಡಾಲ್‌ಗೆ.

ಊರಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ "ಕೀಲುನೋವಿನ ಪುಡಿ" ದಯವಿಟ್ಟು ಬೇಡ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಗಾಯ ಮಾಯುವುದಿಲ್ಲ, ಸೋಂಕು ಒಳಗೇ ಬೆಳೆಯುತ್ತದೆ. ರಕ್ತ ತೆಳು ಮಾಡುವ ಮಾತ್ರೆಯ ಮೇಲೆ ಇನ್ನೊಂದು ಊತದ ಮಾತ್ರೆ ಸ್ವಂತ ತೀರ್ಮಾನದಿಂದ ಸೇರಿಸುವುದೂ ಅಷ್ಟೇ. ಹೊಟ್ಟೆಯೊಳಗೆ ರಕ್ತ ಒಸರಬಹುದು. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿದ್ದರೆ ಅದೇ ಗುರುತು.

ಅರಿವಳಿಕೆ ವೈದ್ಯ, ಮೈಸೂರು

ಟ್ರಮಡಾಲ್ ಒಗ್ಗದವರಿಗೆ ಬುಪ್ರಿನಾರ್ಫಿನ್ ಪಟ್ಟಿ ಅಂಟಿಸಿ ಕಳಿಸುವುದೂ ಉಂಟು, ಗಂಟೆಗೆ 5 ಅಥವಾ 10 ಮೈಕ್ರೋಗ್ರಾಂ ಬಿಡುವಂಥದ್ದು, ಏಳು ದಿನಕ್ಕೊಂದು. ಅಂಟಿಸಿದ ಕೂಡಲೇ ನೋವು ಇಳಿಯುವುದಿಲ್ಲ, ಪೂರ್ತಿ ಕೆಲಸಕ್ಕೆ ಎರಡು ಮೂರು ದಿನ ಬೇಕು. ಅದರ ಮೇಲೆ ಬಿಸಿನೀರಿನ ಚೀಲ, ಬಿಸಿಲು, ಹಂಡೆಯ ಬಿಸಿನೀರು ಬಿದ್ದರೆ ಚರ್ಮದಿಂದ ಮದ್ದು ಒಮ್ಮೆಲೇ ಒಳಗೆ ಹೋಗಿ ಮಂಪರು ಏರುತ್ತದೆ. ಪಟ್ಟಿಯನ್ನು ಕತ್ತರಿಸಬೇಡಿ. ಅಂಟಿಸಿದ ದಿನಾಂಕವನ್ನು ಅದರ ಮೇಲೇ ಪೆನ್ನಿನಲ್ಲಿ ಬರೆಯಿರಿ. ಹೊಸದನ್ನು ಬೇರೆ ಜಾಗಕ್ಕೆ, ಹಳೆಯದನ್ನು ತೆಗೆದ ಮೇಲೇ ಹಾಕಿ. ತೆಗೆದದ್ದನ್ನು ಅಂಟು ಒಳಗೆ ಬರುವ ಹಾಗೆ ಮಡಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಎಸೆಯಿರಿ. ಅದರಲ್ಲಿ ಇನ್ನೂ ಮದ್ದು ಉಳಿದಿರುತ್ತದೆ.

ಪ್ರಿಗ್ಯಾಬಲಿನ್ ಬಗ್ಗೆ: 75 ಮಿ.ಗ್ರಾಂ ರಾತ್ರಿ, ಎರಡು ವಾರ ಕೊಡುವುದು ಅಭ್ಯಾಸ. ಮಧ್ಯವಯಸ್ಸಿನವರಿಗೆ ನಿದ್ದೆಗೂ ನೋವಿಗೂ ಅನುಕೂಲ ಅನ್ನುವುದು ನನ್ನ ಅಭಿಪ್ರಾಯ.

ಫಿಜಿಷಿಯನ್, ಮಂಡ್ಯ

ಅಲ್ಲಿ ನನ್ನದು ಬೇರೆ ಅಭಿಪ್ರಾಯ, ಸರ್. 70 ದಾಟಿದವರಿಗೆ, ಕ್ರಿಯಾಟಿನಿನ್ ಏರಿದವರಿಗೆ ಪ್ರಿಗ್ಯಾಬಲಿನ್‌ನಿಂದ ಲಾಭಕ್ಕಿಂತ ಬೀಳುವ ಅಪಾಯ ಹೆಚ್ಚು. ಅದು ಪೂರ್ತಿ ಮೂತ್ರಪಿಂಡದ ದಾರಿಯಲ್ಲೇ ಹೊರಹೋಗಬೇಕು, ಅಲ್ಲಿ ಅಡ್ಡಿಯಾದರೆ ಮೈಯಲ್ಲೇ ಉಳಿಯುತ್ತದೆ. ಟ್ರಮಡಾಲ್ ಜೊತೆ ಸೇರಿದರೆ ಬೆಳಿಗ್ಗೆ ಹತ್ತಾದರೂ ಕಣ್ಣು ಬಿಡುವುದಿಲ್ಲ.

ಇದೇ ಮಾತಿಗೆ ಸೇರಿದ್ದು: ಎರಡನೇ ಮೂರನೇ ದಿನ ರಾತ್ರಿ ಅಜ್ಜಿ ಊರಿನ ಹೆಸರು ತಪ್ಪು ಹೇಳುತ್ತಾರೆ, ಇಲ್ಲದವರನ್ನು ಕರೆಯುತ್ತಾರೆ, ಡ್ರೆಸ್ಸಿಂಗ್ ಕೀಳಲು ಹೋಗುತ್ತಾರೆ. ವಯಸ್ಸು ಅಂತಲೋ ಗಾಳಿ ಸೋಕಿತು ಅಂತಲೋ ಬಿಡಬೇಡಿ. ನೋಡಬೇಕಾದದ್ದು ಶುಗರ್, ಸೋಡಿಯಂ, ಆಕ್ಸಿಜನ್, ಮೂತ್ರ ಕಟ್ಟಿಕೊಂಡಿದೆಯಾ, ಜ್ವರ ಇದೆಯಾ, ಮತ್ತೆ ಮಾತ್ರೆಯ ಪಟ್ಟಿ. ಟ್ರಮಡಾಲ್ ಕೂಡ ಸೋಡಿಯಂ ಇಳಿಸಬಲ್ಲದು, ಬಿ.ಪಿ. ಮಾತ್ರೆಯಲ್ಲಿನ ಮೂತ್ರದ ಔಷಧವೂ ಇಳಿಸುತ್ತದೆ. ನೋವು ತಡೆಯದೆಯೂ ಗಲಿಬಿಲಿ ಆಗುತ್ತದೆ, ಆದ್ದರಿಂದ ಹೆದರಿ ಎಲ್ಲ ಮಾತ್ರೆ ನಿಲ್ಲಿಸುವುದೂ ದಾರಿಯಲ್ಲ.

ಮಳವಳ್ಳಿ ಕಡೆಯವ

ಎಷ್ಟು ದಿನ ಅಂತ ಈ ಮಾತ್ರೆ? ಯಾವ್ದು ಮೊದಲು ಬಿಡ್ಬೇಕು? ನೋವು ಎಷ್ಟಿದೆ ಅಂದ್ರೆ ಅಮ್ಮ ಸುಮ್ನೆ "ಅದೆ ಕಣಪ್ಪ" ಅಂತಾರೆ.

ಮಂಡ್ಯ ಹೋಂ ನರ್ಸ್

ಹತ್ತಕ್ಕೆ ಎಷ್ಟು ಅಂತ ಕೇಳಿದರೆ ನಮ್ಮ ಕಡೆಯ ಅಮ್ಮಂದಿರು ಹೇಳುವುದಿಲ್ಲ. ಕೆಲಸ ಇಟ್ಟು ಕೇಳಿ: ಬಚ್ಚಲಿಗೆ ವಾಕರ್ ಹಿಡಿದು ಹೋಗಿ ಬಂದರಾ, ಮಲಗಿದಲ್ಲೇ ಕಾಲು ನೆಟ್ಟಗೆ ಮಾಡಿ ಎತ್ತಿದರಾ, ರಾತ್ರಿ ಒಟ್ಟಿಗೆ ನಾಲ್ಕು ಗಂಟೆ ಮಲಗಿದರಾ. ಮೂರೂ ಆಗುತ್ತಿದ್ದರೆ ಮಾತ್ರೆ ಸಾಕಾಗಿದೆ. ನೋವು ಸೊನ್ನೆ ಆಗಲಿ ಅಂತ ಮಾತ್ರೆ ಏರಿಸಬಾರದು.

ಬಿಡುವ ಕ್ರಮ: ಮೊದಲು ಟ್ರಮಡಾಲ್. ಅದರಲ್ಲೂ ಮಧ್ಯಾಹ್ನದ್ದು ಮೊದಲು, ಆಮೇಲೆ ಬೆಳಿಗ್ಗೆಯದು, ರಾತ್ರಿಯದು ಕೊನೆಗೆ. ಬಹಳ ಜನರಿಗೆ ಎರಡು ವಾರದೊಳಗೆ ಅದು ಬೇಡವಾಗುತ್ತದೆ. ಎರಡು ವಾರಕ್ಕಿಂತ ಹೆಚ್ಚು ದಿನವೂ ತಗೊಂಡಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಬೆವರು, ಚಡಪಡಿಕೆ ಶುರುವಾಗುತ್ತದೆ. ಎರಡು ಮೂರು ದಿನಕ್ಕೊಂದು ಡೋಸ್ ಇಳಿಸಿ. ಊತದ ಮಾತ್ರೆ ಬರೆದಷ್ಟೇ ದಿನ. ಪ್ಯಾರಾಸಿಟಮಾಲ್ ಕೊನೆಗೆ, ಆರು ವಾರದ ತನಕ ವ್ಯಾಯಾಮಕ್ಕೆ ಮುಂಚೆ ಮತ್ತು ರಾತ್ರಿ ಬೇಕಾಗಬಹುದು. ಪ್ಯಾಂಟೊಪ್ರಜೋಲ್ ಊತದ ಮಾತ್ರೆ ನಿಂತ ಮೇಲೆ ಬೇಕಾ ಅಂತ ಕೇಳಿ ನಿಲ್ಲಿಸಿ, ವರ್ಷಗಟ್ಟಲೆ ಎಳೆಯಬೇಡಿ. ರಕ್ತ ತೆಳು ಮಾಡುವ ಮಾತ್ರೆ ಮಾತ್ರ ನೋವಿನ ಮಾತ್ರೆ ಅಲ್ಲ. ನೋವು ಹೋಯಿತು ಅಂತ ಅದನ್ನು ಬಿಡಬೇಡಿ, ಬರೆದ ಕೊನೆಯ ದಿನದವರೆಗೂ ಇರಲಿ.

ಮಂಡಿ ಬೆಚ್ಚಗಿರುವುದು, ಸಂಜೆ ಊದುವುದು ಕೆಲವು ತಿಂಗಳು ಇರುತ್ತದೆ. ಅದಕ್ಕೆ ಮಾತ್ರೆ ಬೇಡ, ಐಸ್ ಸಾಕು. ಆದರೆ ಇಳಿಯುತ್ತಾ ಬಂದ ನೋವು ಒಂದು ದಿನ ಇದ್ದಕ್ಕಿದ್ದ ಹಾಗೆ ಏರಿದರೆ, ಜ್ವರ 100.4 ದಾಟಿದರೆ, ಗಾಯದಿಂದ ನೀರು ಕೀವು ಬಂದರೆ ಮಾತ್ರೆ ಹೆಚ್ಚಿಸಿ ಮುಚ್ಚಬೇಡಿ, ಆಪರೇಷನ್ ಮಾಡಿದವರಿಗೇ ತೋರಿಸಿ. ಒಂದು ಮೀನಖಂಡ ಮಾತ್ರ ಊದಿ ಬಿಗಿದು ನೋಯುತ್ತಿದ್ದರೆ ಅವತ್ತೇ ಹೋಗಿ. ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ, ಕರೆದರೂ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ, ಕಾಯಬೇಡಿ.

ಪಾಂಡವಪುರದ ಸೊಸೆ

ಡಾಕ್ಟರ್ ಹತ್ರ ಮಾತಾಡಿದೆ. ಅಲ್ಪ್ರಜೋಲಾಮ್ ಇರ್ಲಿ, ಟ್ರಮಡಾಲ್ ನಿಲ್ಲಿಸಿ ಅಂದ್ರು. ಬಿಸಾಕೊಡಿಲ್ ಕೊಟ್ಟು ಬೆಳಿಗ್ಗೆ ಮೋಷನ್ ಆಯ್ತು. 14ನೇ ದಿನಕ್ಕೆ ಗಾಯಕ್ಕೆ ಹಾಕಿದ ಪಿನ್ ತೆಗೆಸೋಕೆ ಮೈಸೂರಿಗೆ ಕಾರಲ್ಲಿ ಹೋಗ್ಬೇಕು. ಅಷ್ಟು ಹೊತ್ತು ಕಾಲು ಮಡಿಸಿಕೊಂಡು ಕೂರೋದು ಹೇಗೆ?

ಕುವೆಂಪುನಗರ ಫಿಸಿಯೋ

ಹೊರಡುವ ಮುಕ್ಕಾಲು ಗಂಟೆ ಮುಂಚೆ ಪ್ಯಾರಾಸಿಟಮಾಲ್ ಕೊಡಿ. ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ, ಒರಗುವುದನ್ನೂ ಸ್ವಲ್ಪ ಇಳಿಸಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ. ಮೊದಲು ಬೆನ್ನು ಒಳಗೆ ಮಾಡಿ ಕೂತು, ಆಮೇಲೆ ಎರಡು ಕಾಲನ್ನೂ ಒಟ್ಟಿಗೆ ತಿರುಗಿಸಿ ಒಳಗೆ ತರಲಿ, ಕವರ್ ಇದ್ದರೆ ಜಾರುತ್ತದೆ. ದಾರಿಯುದ್ದಕ್ಕೂ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಶ್ರೀರಂಗಪಟ್ಟಣದ ಹತ್ತಿರ ಒಮ್ಮೆ ನಿಲ್ಲಿಸಿ, ಇಳಿಸಿ, ವಾಕರ್ ಹಿಡಿದು ಹತ್ತು ಹೆಜ್ಜೆ ನಡೆಸಿ. ಮಾತ್ರೆ ಕೊಟ್ಟ ಗಂಟೆಯನ್ನು ಆ ಕ್ಯಾಲೆಂಡರ್ ಹಾಳೆಯಲ್ಲಿ ಬರೆದು, ಹಾಳೆಯನ್ನೇ ಮಡಚಿ ಫೈಲಿನಲ್ಲಿಟ್ಟು ತನ್ನಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.